ರಸ್ತೆಯಂಚಿನ ಲಿಂಗ

"ಎಡಗಾಲು ಮೊದಲು, ಅದರ ಮೇಲೆ ಬಲಗಾಲು," ಎನ್ನುತ್ತಲೇ ಸೋಮನಾಥ್ ತನ್ನ ಭಾವನ ಮೊಣಕಾಲಿಗೆ ಕೈ ಹಾಕಿದ. ಬೆಳಗಿನ ಐದೂವರೆಗೆ ಉಸಿರು ನಿಂತಿತ್ತು, ಈಗ ಏಳು. ಇನ್ನು ತಡವಾದರೆ ಮೈ ಸೆಟೆದುಕೊಂಡು ಪದ್ಮಾಸನಕ್ಕೆ ಬಗ್ಗುವುದಿಲ್ಲ. ಮಲಗಿಸಿ ಕಳಿಸುವ ಪದ್ಧತಿ ಅವರಲ್ಲಿಲ್ಲ. ಬದುಕಿದ್ದಾಗ ಪೂಜೆಗೆ ಕೂರುತ್ತಿದ್ದ ಹಾಗೆಯೇ, ಎಡ ಅಂಗೈಯಲ್ಲಿ ತನ್ನ ಇಷ್ಟಲಿಂಗ ಹಿಡಿದು, ಕೂತೇ ಮಣ್ಣಿಗೆ ಹೋಗಬೇಕು.

ಜಯದೇವಪ್ಪನವರ ಮಂಡಿ ಹತ್ತು ವರ್ಷದಿಂದ ಯಾರ ಮಾತನ್ನೂ ಕೇಳಿರಲಿಲ್ಲ. ಡಾಕ್ಟರು, ಎಣ್ಣೆ, ಬೆಲ್ಟು ಎಲ್ಲ ಸೋತು ಕೊನೆಗೆ ಅವರು ಕುರ್ಚಿಯ ಮೇಲೆ ಕೂತೇ ಪೂಜೆ ಮಾಡುತ್ತಿದ್ದರು. ಈಗ ಅದೇ ಮಂಡಿ ತಕರಾರಿಲ್ಲದೆ ಮಡಚಿಕೊಂಡಿತು. ತಲೆ ಹಿಡಿದು ಕೂತಿದ್ದ ಮಗಳು ಮೇಘಶ್ರೀಗೆ ಅದನ್ನು ನೋಡಿ ಅಳು ಬಂತು. ಅಲ್ಲಿಯವರೆಗೆ ಬಂದಿರಲಿಲ್ಲ.

ಜರಗನಹಳ್ಳಿಯ ಆ ಮನೆಗೆ ಎಂಟರ ಹೊತ್ತಿಗೆ ಜನ ಸೇರತೊಡಗಿದರು. ಹೆಚ್ಚಿನವರು ಗಿರಾಕಿಗಳು. ಜೆ.ಪಿ. ನಗರದ ಎರಡನೇ ಹಂತದಲ್ಲಿ ಜಯದೇವಪ್ಪ ಇಪ್ಪತ್ತೆಂಟು ವರ್ಷ ಡ್ರೈಕ್ಲೀನಿಂಗ್ ಅಂಗಡಿ ನಡೆಸಿದ್ದರು. ಬಂದವರು ಹೂವಿನ ಹಾರ ಹಾಕಿ, ಕೈ ಮುಗಿದು, ಆಮೇಲೆ ಕಾಂಪೌಂಡಿನಲ್ಲಿ ನಿಂತು ತಂತಮ್ಮ ಕಲೆಗಳ ಕತೆ ಹೇಳಿಕೊಂಡರು. ಒಬ್ಬರ ಮದುವೆ ಸೀರೆಗೆ ಸಾರು ಚೆಲ್ಲಿತ್ತಂತೆ, ಇನ್ನೊಬ್ಬರ ಸೂಟಿಗೆ ಗ್ರೀಸು. ಜಯದೇವಪ್ಪ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು, ಇದು ಹಲಸಿನ ಅಂಟು, ಇದು ಶಾಯಿ, ಇದು ಶೂ ಪಾಲಿಶು ಎಂದು ಹೇಳಿಬಿಡುತ್ತಿದ್ದರು, ತಪ್ಪಿದ್ದೇ ಇಲ್ಲ ಎಂದು ಎಲ್ಲರೂ ಒಪ್ಪಿದರು. ದೊಡ್ಡ ಬದುಕೇನಲ್ಲ. ಊರಿನ ಅರ್ಧ ಜನರ ಮರ್ಯಾದೆಯನ್ನು ಇಸ್ತ್ರಿ ಮಾಡಿ ಹ್ಯಾಂಗರಿಗೆ ಹಾಕಿಕೊಟ್ಟ ಬದುಕು, ಅಷ್ಟೆ.

ಒಂಬತ್ತಕ್ಕೆ ಉತ್ತರಹಳ್ಳಿಯಿಂದ ಆಟೊ ಹಿಡಿದು ಸೇತುರಾಮ ಬಂದರು. ಎಪ್ಪತ್ತನಾಲ್ಕು ವಯಸ್ಸು, ಹಣೆಯ ಮೇಲೆ ತೆಳ್ಳಗೆ ನಾಮ. ಕುವೈತಿನ ಒಂದು ಲಾಂಡ್ರಿಯಲ್ಲಿ ಜಯದೇವಪ್ಪನವರ ಜೊತೆ ಆರು ವರ್ಷ ಇಸ್ತ್ರಿ ಮಾಡಿದವರು. ಅಲ್ಲಿಂದ ಒಟ್ಟಿಗೆ ಓಡಿಬಂದವರು. ಆಮೇಲಿನ ಮೂವತ್ತೈದು ವರ್ಷದಲ್ಲಿ ಅವರು ಈ ಮನೆಗೆ ಬರದ ಭಾನುವಾರ ಬೆರಳೆಣಿಕೆಯಷ್ಟು. ಅವರು ಗೆಳೆಯನ ಮುಖ ನೋಡಿದರು, ಕುತ್ತಿಗೆಯಲ್ಲಿ ತೂಗುತ್ತಿದ್ದ, ಕುವೈತಿನಿಂದ ಬಂದ ಮೇಲೆ ಮಾಡಿಸಿದ ಬೆಳ್ಳಿಯ ಕರಡಿಗೆಯನ್ನು ನೋಡಿದರು. ಲಿಂಗ ಇರುವುದು ಅದರೊಳಗೆ. ನೋಡಿ ಅಲ್ಲಿ ನಿಲ್ಲಲಾರದೆ ಮೆಟ್ಟಿಲ ಕಡೆಗೆ ಹೋದರು. ಮೇಘಶ್ರೀ ನೀರು ತಂದುಕೊಟ್ಟಾಗ ಲೋಟ ತೆಗೆದುಕೊಳ್ಳಲಿಲ್ಲ.

"ಸ್ವಾಮಿಗಳು ಎಷ್ಟು ಗಂಟೆಗೆ ಬರ್ತಾರಮ್ಮ?"

"ಹತ್ತೂವರೆಗೆ ಅಂಕಲ್."

"ಅಷ್ಟರೊಳಗೆ ನಿನಗೊಂದು ಹೇಳ್ಬೇಕು. ಆ ಕರಡಿಗೇಲಿರೋದು ಲಿಂಗ ಅಲ್ಲ. ಡಾಂಬರು. ನಾನೇ ಮಾಡಿದ್ದು."

* * *

ಸಾವಿರದ ಒಂಬೈನೂರ ತೊಂಬತ್ತರ ಆಗಸ್ಟ್. ಕುವೈತಿನೊಳಗೆ ಇರಾಕಿನ ಸೈನ್ಯ ನುಗ್ಗಿದ ದಿನ ಇಬ್ಬರೂ ಯಾರದೋ ಬಿಳಿ ನಿಲುವಂಗಿಗಳಿಗೆ ಗಂಜಿ ಹಾಕುತ್ತಿದ್ದರು. ಸಂಜೆಯ ಹೊತ್ತಿಗೆ ಮಾಲೀಕ ಕಾರು ಹತ್ತಿ ಹೋಗಿಯಾಗಿತ್ತು. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಒಂದು ತಿಂಗಳು ಕಳೆದರು. ಸೇತುರಾಮ ಅನ್ನ ಮಾಡುತ್ತಿದ್ದರು, ಜಯದೇವಪ್ಪ ಬ್ರೆಡ್ಡಿಗೆ ಕ್ಯೂ ನಿಲ್ಲುತ್ತಿದ್ದರು. ನಲವತ್ತೊಂದರ ಜಯದೇವಪ್ಪನಿಗೆ ಊರಿನಲ್ಲಿ ಹೆಂಡತಿ, ನಾಲ್ಕು ವರ್ಷದ ಮಗಳು. ಮದ್ದುಗುಂಡಿನ ಸದ್ದು ಕೇಳುತ್ತಿದ್ದರೂ ಬೆಳಗಿನ ಲಿಂಗಪೂಜೆ ಮಾತ್ರ ತಪ್ಪಿಸಲಿಲ್ಲ. ಎದುರು ಹಾಸಿಗೆಯಲ್ಲಿ ಕೂತ ಸೇತುರಾಮ ಆರು ವರ್ಷ ಅದನ್ನು ದಿನವೂ ನೋಡಿದ್ದರು. ಗುಮ್ಮಟದ ಆಕಾರ, ಮೇಲೆ ಕಪ್ಪು ಲೇಪ, ನೆಲ್ಲಿಕಾಯಿಗಿಂತ ಒಂಚೂರು ದೊಡ್ಡದು.

ಕೊನೆಗೆ ಬಸ್ಸು ಸಿಕ್ಕಿತು. ಬಾಗ್ದಾದ್ ದಾಟಿ ಜೋರ್ಡಾನಿನ ಗಡಿಯ ಕಡೆಗೆ. ದಾರಿಯ ಒಂದು ತಪಾಸಣೆಯಲ್ಲಿ ಒಬ್ಬ ಸೈನಿಕ ಜಯದೇವಪ್ಪನ ಅಂಗಿಯೊಳಗೆ ಬೆಳ್ಳಿ ಹೊಳೆದದ್ದನ್ನು ಕಂಡ. ಚಾಕುವಿನಿಂದ ದಾರ ಕೊಯ್ದು, ಕರಡಿಗೆ ಜೇಬಿಗಿಳಿಸಿ, ಬಸ್ಸನ್ನು ಮುಂದೆ ಕಳಿಸಿದ. ಅರ್ಧ ನಿಮಿಷದ ಕೆಲಸ.

ಗಡಿಯ ಶಿಬಿರದಲ್ಲಿ ಜಯದೇವಪ್ಪ ಊಟ ಬಿಟ್ಟರು. ಲಿಂಗ ಕಳೆದುಕೊಂಡವನು ಉಣ್ಣಬಾರದು ಎಂದು ಅವರ ಅಜ್ಜಿ ಕಲಿಸಿದ್ದರು. ಊರಿಗೆ ಹೋಗಿ ಮಠದಲ್ಲಿ ಬೇರೆ ಲಿಂಗ ಪಡೆಯುವವರೆಗೆ ಗಂಟಲು ಒದ್ದೆಯಾಗುವಷ್ಟು ನೀರು ಮಾತ್ರ. ಊರಿಗೆ ವಿಮಾನ ಯಾವಾಗ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಡೇರೆಯ ಡಾಕ್ಟರು ನೋಡಿ, ಈತ ನಾಳಿದ್ದು ಎದ್ದು ನಿಲ್ಲದಿದ್ದರೆ ವಿಮಾನದ ಪಟ್ಟಿಯಿಂದ ಹೆಸರು ತೆಗೆಯಬೇಕಾಗುತ್ತದೆ ಎಂದರು. ಸೇತುರಾಮ ಬೈದರು, ಕಾಲು ಹಿಡಿದರು, ಮಗಳ ಹೆಸರು ಎತ್ತಿದರು. ಜಯದೇವಪ್ಪ ಮುಖ ತಿರುಗಿಸಿ ಮಲಗಿದರು.

ಶಿಬಿರದ ಪಕ್ಕದ ಹೆದ್ದಾರಿ ಬಿಸಿಲಿಗೆ ಕರಗಿ ಅಂಚಿನಲ್ಲಿ ಗಟ್ಟಿ ಪಾಕದಂತೆ ನಿಂತಿತ್ತು. ಸೇತುರಾಮ ಚಮಚೆಯಲ್ಲಿ ಅದನ್ನು ಕೆರೆದರು. ಒಂದು ಬೆಣಚುಕಲ್ಲಿನ ಸುತ್ತ ಮೆತ್ತಿ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಸವರಿ ಉರುಟು ಮಾಡಿದರು. ಮೊದಲ ಎರಡು ಒಡೆದವು. ಮೂರನೆಯ ದಿನ ಒಂದು ನಿಂತಿತು. ಅದನ್ನು ತಂದು ಗೆಳೆಯನ ಅಂಗೈಯಲ್ಲಿಟ್ಟು, ಸೈನಿಕ ಬೆಳ್ಳಿ ಇಟ್ಟುಕೊಂಡು ಲಿಂಗ ಬಿಸಾಡಿದ್ದನಂತೆ, ಹಿಂದಿನ ಬಸ್ಸಿನವನಿಗೆ ಸಿಕ್ಕಿತು ಎಂದರು. ಜಯದೇವಪ್ಪ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಎದ್ದು ಕೂತು ಸ್ನಾನಕ್ಕೆ ನೀರು ಕೇಳಿದರು. ಅವತ್ತು ಎರಡು ರೊಟ್ಟಿ ತಿಂದರು.

* * *

"ಇದ್ದಾಗ ಹೇಳಕ್ಕೆ ಧೈರ್ಯ ಬರಲಿಲ್ಲ," ಎಂದರು ಸೇತುರಾಮ. "ಹೇಳಿದ್ರೆ ಮತ್ತೆ ಊಟ ಬಿಡ್ತಾನೆ ಅಂತ ಭಯ. ಪ್ರತಿ ಭಾನುವಾರ ನಾಲಿಗೆ ತುದಿವರೆಗೂ ಬರೋದು. ಈಗ ಅದನ್ನೇ ಕೈಲಿಟ್ಟು ಕಳಿಸ್ತೀರಲ್ಲ. ನನ್ನ ಸುಳ್ಳು ಹಿಡ್ಕೊಂಡು ಅವನು ಹೋಗಬಾರದು ಮೇಘಾ. ಒಂದು ಸರಿಯಾದ್ದು ತರಿಸಮ್ಮ."

ಮೇಘಶ್ರೀ ಅಂಥ ಭಕ್ತೆಯೇನಲ್ಲ. ಅವಳ ಲಿಂಗ ಬೀರುವಿನಲ್ಲಿತ್ತು, ಹಬ್ಬಕ್ಕೊಮ್ಮೆ ಹೊರಗೆ ಬರುತ್ತಿತ್ತು. ಆದರೆ ಪ್ರಶ್ನೆ ಅವಳದಲ್ಲ. ಜ್ವರ ಬಂದರೂ ಪೂಜೆಯಿಲ್ಲದೆ ಹನಿ ಕಾಫಿ ಮುಟ್ಟದ ಅಪ್ಪ ಕೊನೆಯ ಸಲ ಏನನ್ನು ಹಿಡಿದು ಕೂರಬೇಕು ಎನ್ನುವುದು. ಹೇಳಿದರೆ ಅಪ್ಪ ಮೂವತ್ತೈದು ವರ್ಷ ರಸ್ತೆಗೆ ಹಾಕುವ ಡಾಂಬರಿಗೆ ಕೈ ಮುಗಿದರೆಂದು ನೆಂಟರೆಲ್ಲ ಆಡಿಕೊಳ್ಳುತ್ತಾರೆ. ಹೇಳದಿದ್ದರೆ ಅಪ್ಪನಿಗೇ ಮೋಸ. ಮಣ್ಣು ಮುಚ್ಚಿದ ಮೇಲೆ ತಿದ್ದಲು ಬರುವಂಥದ್ದಲ್ಲ.

ಅವಳು ಸೋಮನಾಥ ಮಾಮನಿಗೆ ಹೇಳಿದಳು. ಆತ ಕಟ್ಟುನಿಟ್ಟಿನ ಮನುಷ್ಯ, ಕೆಟ್ಟವನಲ್ಲ. ಕೇಳಿದವನೇ ಫೋನ್ ತೆಗೆದ. ಜಯನಗರದ ಪೂಜಾ ಸಾಮಗ್ರಿ ಅಂಗಡಿಯಿಂದ ಮುಕ್ಕಾಲು ಗಂಟೆಯಲ್ಲಿ ಬೈಕಿನ ಮೇಲೆ ಹೊಸ ಲಿಂಗ ಬಂತು. ಬೆಂಗಳೂರಿನಲ್ಲಿ ಇಡ್ಲಿ ಬರುವ ಹಾಗೆಯೇ ಬಂತು. ಸ್ವಾಮಿಗಳು ಮಂತ್ರ ಹೇಳಿ ಕೊಟ್ಟರೆ ಆಯಿತು, ಅಕ್ಕನಿಗೆ ತಿಳಿಯುವುದೇ ಬೇಡ, ಆ ಜೀವಕ್ಕೆ ಇವತ್ತು ಆಗಿರುವುದೇ ಸಾಕು ಎಂಬುದು ಸೋಮನಾಥನ ತೀರ್ಮಾನ.

ಆದರೆ ಗಂಡನ ಕುತ್ತಿಗೆಯಿಂದ ಕರಡಿಗೆ ಬಿಚ್ಚಬೇಕಾದವಳು ಹೆಂಡತಿಯೇ. ಅಮ್ಮನ ಕಣ್ಣು ತಪ್ಪಿಸಿ ಏನನ್ನಾದರೂ ಬದಲಾಯಿಸುವುದು ಆ ಮನೆಯಲ್ಲಿ ಯಾರಿಂದಲೂ ಆಗಿರಲಿಲ್ಲ. ಮೇಘಶ್ರೀ ಅಮ್ಮನ ಪಕ್ಕ ಕೂತು ಕಿವಿಯ ಹತ್ತಿರ ಎಲ್ಲವನ್ನೂ ಹೇಳಿದಳು. ಸೇತುರಾಮ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದರು.

ಶಾಂತಾದೇವಿ ಪೂರ್ತಿ ಕೇಳಿಸಿಕೊಂಡರು. ಗಂಡನ ಹಣೆಯ ವಿಭೂತಿ ಸ್ವಲ್ಪ ಸೊಟ್ಟಗಾಗಿತ್ತು, ಅದನ್ನು ಸರಿಮಾಡಿದರು.

"ಬೇಸಿಗೆ ಬಂದ್ರೆ ಲಿಂಗಕ್ಕೆ ಸುತ್ತೋ ಬಟ್ಟೆ ಕಪ್ಪಾಗೋದು," ಎಂದರು. "ಸೀಮೆಎಣ್ಣೆ ಹಾಕಿ ಉಜ್ಜು, ಹೋಗುತ್ತೆ ಅಂತ ಹೇಳ್ಕೊಟ್ಟಿದ್ದೇ ಅವರು. ಸೀಮೆಎಣ್ಣೆಗೆ ಹೋಗೋ ಕಲೆ ಯಾವುದು ಅಂತ ಅವರಿಗೆ ಗೊತ್ತಿಲ್ವಾ? ಅಂಗಡಿ ಇಟ್ಟಿದ್ದೇ ಅದಕ್ಕೆ."

ಸೇತುರಾಮ ತಲೆ ಎತ್ತಿದರು. ಆರು ವರ್ಷ ಜೊತೆಯಲ್ಲಿ ಬಟ್ಟೆ ಒಗೆದ ಮನುಷ್ಯ ಅವರು. ಜಯದೇವಪ್ಪ ಎಷ್ಟೋ ಪ್ಯಾಂಟುಗಳಿಂದ ಡಾಂಬರು ತೆಗೆದಿದ್ದನ್ನು ಕಣ್ಣಾರೆ ಕಂಡವರು. ಅಂಥವನ ಮೂಗಿನ ಕೆಳಗೇ ಡಾಂಬರು ಇಟ್ಟು, ಅವನು ನಂಬಿದ ಎಂದು ಇಷ್ಟು ವರ್ಷ ತಾವು ನಂಬಿದ್ದರು.

* * *

ಕುವೈತಿನಿಂದ ಬಂದ ಮರು ಬೇಸಿಗೆ ಶಾಂತಾದೇವಿ ಕೇಳಿಯೇ ಬಿಟ್ಟಿದ್ದರು. ಒಗೆಯುವ ಕಲ್ಲಿನ ಹತ್ತಿರ ನಿಂತು, ಇದು ನಿಮ್ಮ ಹಳೇ ಲಿಂಗ ಅಲ್ಲ ಅಲ್ವಾ ಎಂದರು. ಸೇತು ಅಂಗೈಯಲ್ಲಿಟ್ಟಾಗಲೇ ವಾಸನೆ ಬಂತು ಎಂದರು ಜಯದೇವಪ್ಪ. ಹಾಗಾದರೆ ಮಠಕ್ಕೆ ಹೋಗಿ ಬೇರೆ ಕಟ್ಟಿಸಿಕೊಳ್ಳಿ ಎಂದು ಹೆಂಡತಿ ಹೇಳಿದರು. ಆಗ ಅವರು ಹೇಳಿದ್ದು ಇಷ್ಟು:

"ಸೇತು ಕೈಯನ್ನ ಹಿಂದೆ ಮುಚ್ಚಿಟ್ಕೊಂಡು ನಿಂತಿದ್ದ ಶಾಂತಾ. ಹತ್ತು ಬೆರಳೂ ಬೊಬ್ಬೆ. ಅದನ್ನ ನೋಡಿದ ಮೇಲೆ ಇನ್ನೊಂದು ಕಟ್ಕೊಳ್ಳಕ್ಕೆ ನನ್ನಿಂದ ಆಗಲ್ಲ. ಅವನಿಗೆ ಮಾತ್ರ ತಿಳೀಬಾರದು, ಸುಳ್ಳು ಹೇಳಿದೆ ಅಂತ ನಾಚಿಕೊಂಡು ಈ ಕಡೆ ಬರೋದೇ ಬಿಟ್ಬಿಡ್ತಾನೆ."

* * *

ಶಾಂತಾದೇವಿ ಅದನ್ನು ಇದ್ದ ಹಾಗೆ ಹೇಳಿ ಮುಗಿಸಿದರು. ಸೇತುರಾಮ ಬಾಗಿಲ ಚೌಕಟ್ಟು ಹಿಡಿದು ಹಾಗೆಯೇ ನೆಲಕ್ಕೆ ಕುಸಿದು ಕೂತು ಅತ್ತರು. ದೊಡ್ಡವರು ಹಾಗೆ ಅಳುವುದನ್ನು ಮೇಘಶ್ರೀ ನೋಡಿರಲಿಲ್ಲ. ಬೆಳಗಿನಿಂದ ಆ ಮನೆಯಲ್ಲಿ ಅತ್ತವರಲ್ಲಿ ಅವರಷ್ಟು ಯಾರೂ ಅತ್ತಿರಲಿಲ್ಲ.

ಅಷ್ಟರಲ್ಲಿ ಸ್ವಾಮಿಗಳು ಬಂದರು. ಸೋಮನಾಥ್ ಹೊಸ ಲಿಂಗದ ಡಬ್ಬಿ ಮುಂದಿಟ್ಟ. ಅಕ್ಕ ಬೇಡ ಎನ್ನುತ್ತಾಳೆ, ನೀವೇ ಬುದ್ಧಿ ಹೇಳಬೇಕು, ದೀಕ್ಷೆಯಿಲ್ಲ, ಗುರು ಕೊಟ್ಟಿದ್ದಲ್ಲ, ಬೇರೆ ಜಾತಿಯವರು ರಸ್ತೆಯಲ್ಲಿ ಕೆರೆದು ಮಾಡಿದ್ದು ಎಂದ. ಪಕ್ಕದಲ್ಲೇ ಸೇತುರಾಮ ಕೂತಿದ್ದರು, ಅವರಿಗೂ ಕೇಳಿಸಿತು. ಸೋಮನಾಥ ಸರಿಯಾಗೇ ಹೇಳ್ತಿದಾರೆ, ಹೊಸದೇ ಇಡಿ ಎಂದು ಅವರೂ ಕೈ ಮುಗಿದರು.

ಸ್ವಾಮಿಗಳಿಗೆ ವಯಸ್ಸಾಗಿತ್ತು, ಮಾತು ಕಡಿಮೆ. ಶಾಂತಾದೇವಿಯ ಕಡೆ ತಿರುಗಿದರು. "ನೀವೇನಂತೀರಮ್ಮ?"

"ಊಟ ಬಿಟ್ಟಿದ್ದು ಹಳೇದಕ್ಕೆ," ಎಂದರು ಶಾಂತಾದೇವಿ. "ಊಟ ಮಾಡಿದ್ದು ಇದಕ್ಕೆ. ಇದಿಲ್ದೆ ಅವರು ಮನೆಗೇ ಬರ್ತಿರಲಿಲ್ಲ."

ಸ್ವಾಮಿಗಳು ತಲೆಯಾಡಿಸಿದರು. "ಸೋಮನಾಥಪ್ಪ, ಲಿಂಗ ಕೊಟ್ಟವನು ಗುರು ಅಂತ ನಿನಗೆ ಮನೇಲಿ ಹೇಳ್ಕೊಟ್ಟಿದಾರಲ್ಲ. ಕೊಟ್ಟವರು ಇಲ್ಲೇ ಇದಾರೆ. ಅವರೇ ಇಡಲಿ."

ಸೋಮನಾಥನಿಗೆ ಅದು ಪೂರ್ತಿ ಸಮಾಧಾನವಾಗಲಿಲ್ಲ. ಆದರೂ ಡಬ್ಬಿ ಮುಚ್ಚಿ ಜೇಬಿಗಿಟ್ಟುಕೊಂಡ. ಶಾಂತಾದೇವಿ ಕರಡಿಗೆ ಬಿಚ್ಚಿ, ಬಟ್ಟೆ ಸರಿಸಿ, ಆ ಕಪ್ಪು ಲಿಂಗವನ್ನು ಸೇತುರಾಮರ ಕೈಗೆ ಹಾಕಿ ಬೆರಳು ಮುಚ್ಚಿದರು. ರುದ್ರಭೂಮಿ ಮುಟ್ಟುವವರೆಗೂ ನಿಮ್ಮ ಹತ್ತಿರವೇ ಇರಲಿ ಎಂದರು.

ಹೂವಿನ ಮಂಟಪದಲ್ಲಿ ಜಯದೇವಪ್ಪನವರನ್ನು ಕೂರಿಸಿ ವ್ಯಾನಿಗೆ ಏರಿಸುವಾಗ ಹನ್ನೆರಡು ದಾಟಿತ್ತು. ಏಪ್ರಿಲ್ ತಿಂಗಳ ಬಿಸಿಲು. ಕನಕಪುರ ರಸ್ತೆಯಲ್ಲಿ ಸಿಗ್ನಲ್ಲು ಸಿಗ್ನಲ್ಲಿಗೂ ನಿಂತು, ಮದುವೆ ಮನೆಯ ಒಂದು ಬಸ್ಸಿಗೆ ದಾರಿ ಬಿಟ್ಟು, ಬನಶಂಕರಿಯ ಕಡೆ ತಿರುಗುವಷ್ಟರಲ್ಲಿ ಒಂದು ಗಂಟೆ ಹಿಡಿಯಿತು. ವ್ಯಾನಿನ ತಗಡು ಕಾದಿತ್ತು. ಸೇತುರಾಮ ಮುಷ್ಟಿಯನ್ನು ಎದೆಗೊತ್ತಿಕೊಂಡು ಕೂತಿದ್ದರು. ಮೇಘಶ್ರೀ ನೀರಿನ ಬಾಟಲಿ ಚಾಚಿದಾಗ ಬೇಡವೆಂದು ತಲೆಯಾಡಿಸಿದರು. ಪೂಜೆ ಆಗಲಿ ಎಂದರು.

ರುದ್ರಭೂಮಿಯಲ್ಲಿ ಗುಂಡಿ ತೋಡಿ, ಒಂದು ಮಗ್ಗುಲಿಗೆ ಮೂರು ಮೆಟ್ಟಿಲು ಕಡಿದಿದ್ದರು. ಜಯದೇವಪ್ಪನವರನ್ನು ಇಳಿಸಿ, ಗೋಡೆಗೆ ಒರಗಿಸಿ ಕೂರಿಸಿ, ಸುತ್ತ ವಿಭೂತಿ ಗಟ್ಟಿಗಳನ್ನು ಜೋಡಿಸಿದರು. ಎಡಗೈಯನ್ನು ಬಿಡಿಸಿ ತೊಡೆಯ ಮೇಲೆ ಇಟ್ಟರು. ಸ್ವಾಮಿಗಳು ಮೇಲಿನಿಂದ ಹೂಂ ಎಂದರು. ಸೇತುರಾಮರ ತೋಳು ಹಿಡಿದು ಮೆಟ್ಟಿಲಿಳಿಸಿದವನು ಸೋಮನಾಥನೇ.

ಸೇತುರಾಮ ಗೆಳೆಯನ ಎದುರು ಮಂಡಿಯೂರಿ ಮುಷ್ಟಿ ಬಿಚ್ಚಿದರು. ಅಂಗೈ ಬೋರಲು ಮಾಡಿದರು. ಲಿಂಗ ಬೀಳಲಿಲ್ಲ. ಇಷ್ಟು ಹೊತ್ತಿನ ಬಿಸಿಗೆ ಮೆತ್ತಗಾಗಿ ಅವರ ಚರ್ಮಕ್ಕೆ ಅಂಟಿಕೊಂಡಿತ್ತು. ಮೆಲ್ಲಗೆ ಅಲುಗಿಸಿದರು, ಬರಲಿಲ್ಲ. ಜೋರಾಗಿ ಕೀಳಲು ಅವರಿಗೆ ಮನಸ್ಸಾಗಲಿಲ್ಲ, ಆಕಾರ ಕೆಟ್ಟೀತು. ಕೊನೆಗೆ ತಮ್ಮ ಅಂಗೈಯನ್ನೇ ಜಯದೇವಪ್ಪನ ಅಂಗೈಯ ಮೇಲೆ ಇಟ್ಟು, ಇನ್ನೊಂದು ಕೈಯಿಂದ ಎರಡನ್ನೂ ಸೇರಿಸಿ ಹಿಡಿದು ಹಾಗೆಯೇ ಕೂತರು.

"ಅವಸರ ಇಲ್ಲ ಸಾರ್," ಎಂದ ಸೋಮನಾಥ್. "ನಿಧಾನವಾಗಿ ಬಿಡಲಿ."

ಮೇಲೆ ಮಣ್ಣೆಳೆಯಲು ನಿಂತವರು ಗುದ್ದಲಿ ಕೆಳಗಿಟ್ಟು, ಬೇವಿನ ಮರದ ನೆರಳಿಗೆ ಸರಿದು ನಿಂತರು.