ಬೆದರುವ ಸಿಪಾಯಿಗೆ ಒಂದೆಲಗದ ಉಂಡೆ

ನಮ್ಮ ಕುದುರೆಗೆ ಸಿಪಾಯಿ ಎಂದು ಹೆಸರಿಟ್ಟವನು ನಾನಲ್ಲ. ಕೃಷ್ಣಗಿರಿ ಸಂತೆಯಲ್ಲಿ ಅದನ್ನು ನನ್ನ ತಲೆಗೆ ಕಟ್ಟಿದ ಮಹಾನುಭಾವ ಇಟ್ಟ ಹೆಸರು ಅದು. "ದಂಡಿನಾಗಿದ್ದ ಕುದ್ರೆ ಅಣ್ಣ, ಪಕ್ಕದಾಗೆ ಫಿರಂಗಿ ಹಾರ್ಸಿದ್ರೂ ಕಿವಿ ಅಲ್ಲಾಡ್ಸಲ್ಲ" ಎಂದು ತಾಯಾಣೆ ಮಾಡಿದ. ಅವನ ತಾಯಿ ಆಮೇಲೆ ಏನಾದಳೋ ಕಾಣೆ. ನಮ್ಮೂರು ಮತ್ತಿಗಿರಿಗೆ ತಂದ ದಿನವೇ ಪಕ್ಕದ ಮನೆಯಾಕೆ ಮೊರ ಕೊಡವಿದ ಸದ್ದಿಗೆ ಸಿಪಾಯಿ ಹಿತ್ತಲ ಬೇಲಿ ಹಾರಿ ಹೋಯಿತು. ಹಿಡಿದು ತರುವಷ್ಟರಲ್ಲಿ ನನ್ನ ಪಂಚೆ ಅರ್ಧ ಬೇಲಿಯ ಪಾಲಾಗಿತ್ತು.

ಕೊಡೆ ಕಂಡರೆ ಬೆದರುತ್ತಿತ್ತು. ಒಣಗಲು ಹಾಕಿದ ಸೀರೆ ಕಂಡರೆ ಬೆದರುತ್ತಿತ್ತು. ಕೋಳಿ ಅಡ್ಡ ಬಂದರೆ ಹಿಂಗಾಲಲ್ಲಿ ನಿಲ್ಲುತ್ತಿತ್ತು. ಎಲ್ಲಕ್ಕಿಂತ ಅದಕ್ಕೆ ಆಗದಿದ್ದದ್ದು ಬಸ್ಸು. ಆಗ ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಬೆನ್ನಿಗೊಂದು ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯಲ್ಲಿ ಕೆಮ್ಮುತ್ತಾ ಓಡುತ್ತಿದ್ದವು. ಜಟಕಾ ಹೊಡೆಯುವವರಿಗೆ ಅದು ಒಳ್ಳೆಯ ಕಾಲವೇ. ಆದರೆ ನನ್ನ ಗಾಡಿ ಹತ್ತಲು ಜನ ಎಲ್ಲಿದ್ದರು? ಮತ್ತಿಗಿರಿಯಲ್ಲಿದ್ದದ್ದೇ ನನ್ನದೊಂದು ಜಟಕಾ, ಆದರೂ ಹೆಂಗಸರು ಮಕ್ಕಳು ಹೊಸೂರಿಗೆ ನಡೆದೇ ಹೋಗುತ್ತಿದ್ದರು. ಮಾರೋಣವೆಂದರೆ ಅದರ ಕೀರ್ತಿ ಸಂತೆ ಸಂತೆಗೂ ಹಬ್ಬಿತ್ತು.

ಇಷ್ಟೇ ಆಗಿದ್ದರೆ ಹಾಳಾಗಿಹೋಗಲಿ ಎನ್ನಬಹುದಿತ್ತು. ನನ್ನ ಹೆಂಡತಿ ಮಂಗಮ್ಮ ಚೊಚ್ಚಲ ಬಸುರಿ. ಎಂಟು ತುಂಬುವಾಗ ಸೂಲಗಿತ್ತಿ ಬೈರಮ್ಮ ಬಂದು ಹೊಟ್ಟೆ ಮುಟ್ಟಿ ನೋಡಿ ಮುಖ ಸಣ್ಣ ಮಾಡಿಕೊಂಡಳು.

"ಕೂಸು ಅಡ್ಡ ಮಲಗೈತೆ ಮುತ್ತರಾಯಪ್ಪ. ತಿರುಗ್ಕೊಂಡ್ರೆ ಸರಿ. ಇಲ್ದಿದ್ರೆ ನನ್ ಕೈಲಾಗಕಿಲ್ಲ. ತವರಿಗೆ ಗಿವರಿಗೆ ಕಳಿಸ್ಬ್ಯಾಡ, ಬಾಗಲೂರಿಂದ ಆಸ್ಪತ್ರೆ ದೂರ. ನೋವು ಕಾಣಿಸ್ಕೊಂಡ ತಕ್ಷಣ ಹೊಸೂರಿಗೆ ಗಾಡಿ ಓಡ್ಸು. ಎತ್ತಿನ ಗಾಡೀಲಿ ಕುಲುಕಾಡಿಸ್ಕೊಂಡು ಹೋದ್ರೆ ತಡೀನಾರಳು ಅವಳು."

ಓಡಿಸು ಅಂದಳು. ಓಡಿಸಬಹುದು. ಯಾವ ಕಡೆಗೆ ಎನ್ನುವುದು ಸಿಪಾಯಿಯ ಇಷ್ಟ. ಹೆರಿಗೆಗೆ ಮೊದಲು ಈ ಪ್ರಾಣಿಯ ಪುಕ್ಕಲನ್ನು ಬಿಡಿಸಲೇಬೇಕಿತ್ತು.

ಹೊಸೂರು ಪೇಟೆಯಲ್ಲಿ ರಾಮಕೃಷ್ಣಪ್ಪ ಎಂಬ ಪಂಡಿತರಿದ್ದರು. ಮನುಷ್ಯರಿಗೆ ಔಷಧಿ ಕೊಡುವವರು, ಆದರೂ ಕೇಳಿದೆ. "ಅಶ್ವಗಂಧ ಕೊಡು. ಹೆಸರಲ್ಲೇ ಅಶ್ವ ಐತಲ್ಲಪ್ಪ, ಇನ್ನೇನು ಬೇಕು?" ಎಂದು ಪುಡಿಯ ಪೊಟ್ಟಣ ಕೈಗಿಟ್ಟರು. ತುಪ್ಪದಲ್ಲಿ ಕಲೆಸಿ ತಿನ್ನಿಸಿದೆ. ಒಂದು ವಾರದಲ್ಲಿ ಸಿಪಾಯಿಯ ಮೈ ಮಿರಮಿರ ಮಿಂಚಿತು, ತೊಡೆಗಳು ತುಂಬಿಕೊಂಡವು. ಮೊದಲು ಬೇಲಿ ಹಾರುತ್ತಿದ್ದದ್ದು ಈಗ ಗೋಡೆ ಹಾರಿತು. ಮತ್ತೆ ಹೋಗಿ ಕೇಳಿದ್ದಕ್ಕೆ ಪಂಡಿತರು ಗಸಗಸೆ ಅರೆದು ಕುಡಿಸು ಅಂದರು. ಕುಡಿಸಿದೆ. ಪೇಟೆಯ ನಟ್ಟನಡುವೆ, ತಾಲೂಕು ಕಚೇರಿಗೆ ಹೊರಟಿದ್ದ ಗುಮಾಸ್ತರೊಬ್ಬರನ್ನು ಕೂರಿಸಿಕೊಂಡಿದ್ದಾಗ ಸಿಪಾಯಿ ನಿಂತಲ್ಲೇ ನಿದ್ದೆ ಹೋಯಿತು. ಅವರು ಇಳಿದು ನಡೆದು ಹೋಗಿ, ಕೆಲಸ ಮುಗಿಸಿಕೊಂಡು ವಾಪಸ್ಸು ಬರುವಾಗಲೂ ನಾವು ಅಲ್ಲೇ ಇದ್ದೆವು.

ಇಂಥ ಹೊತ್ತಿನಲ್ಲಿ ನನ್ನ ಅತ್ತೆ ಮುನಿಗಂಗಮ್ಮನವರು ಮಗಳ ಬಾಣಂತನಕ್ಕೆಂದು ಬಾಗಲೂರಿನಿಂದ ಬಂದಿಳಿದರು.

ನಮ್ಮಲ್ಲಿ ಅತ್ತೆಯಾದವಳು ಅಳಿಯನ ಎದುರಿಗೆ ನಿಲ್ಲುವುದಿಲ್ಲ, ಮುಖ ಕೊಟ್ಟು ಮಾತಾಡುವುದಿಲ್ಲ. ಏನಾದರೂ ಹೇಳಬೇಕಾದರೆ ಬಾಗಿಲ ಹಿಂದೆ ನಿಂತು ಮಗಳ ನೆಪದಲ್ಲಿ ಹೇಳಬೇಕು. ಮರ್ಯಾದೆ ಅದು. ಮುನಿಗಂಗಮ್ಮನವರು ಮರ್ಯಾದೆಗೆ ಪ್ರಾಣ ಬಿಡುವವರು. ಹಾಗೆಂದು ಬಾಯಿ ಕಟ್ಟಿಕೊಂಡಿರುವವರೇ? ಶಿವ ಶಿವಾ! ಏಳುವಾಗ ಶುರುವಾದ ಮಾತು ಮಲಗುವಾಗ ನಿಲ್ಲಬೇಕು. ಮಗಳು ಸುಸ್ತಾಗಿ ಮಲಗಿರುತ್ತಿದ್ದಳಲ್ಲ, ಅದಕ್ಕೆ ಅವರು ನನಗೆ ಹೇಳಬೇಕಾದದ್ದನ್ನೆಲ್ಲ ಕುದುರೆಗೆ ಹೇಳತೊಡಗಿದರು.

"ನೋಡ್ದ್ಯೇನ್ಲಾ ಸಿಪಾಯಿ, ನಿಮ್ ಯಜಮಾನ್ರು ಬಸುರಿ ಹೆಂಗ್ಸಿಗೆ ತಂದಿರೋ ಸೊಪ್ಪು! ದನಾನೂ ಮೂಸಕಿಲ್ಲ. ನಿಂಗೆ ತುಪ್ಪದಾಗೆ ಔಸ್ದಿ, ನನ್ ಮಗಳಿಗೆ ಬಾಡಿದ್ ದಂಟು. ನ್ಯಾಯ ಏನ್ಲಾ ಇದು?"

ನಾನು ಜಗಲಿಯ ಮೇಲೆ ಕೂತು ಕೇಳಬೇಕು. ತಿರುಗಿ ಹೇಳುವ ಹಾಗಿಲ್ಲ, ಹೇಳಿದ್ದು ನನಗಲ್ಲವಲ್ಲ! ಕುದುರೆಯಂತೂ ಹುರುಳಿ ಬಿಟ್ಟು ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತಿತ್ತು.

ಸಿಪಾಯಿಯ ಪುಕ್ಕಲಿಗೆ ತಾವೇ ಮದ್ದು ಮಾಡುವುದಾಗಿಯೂ ಅತ್ತೆ ಅದಕ್ಕೇ ತಿಳಿಸಿದರು. ಕೆರೆಯಂಚಿನ ಒಂದೆಲಗದ ಸೊಪ್ಪನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿ, ಹುರಿದ ಮೆಂತ್ಯ ಸೇರಿಸಿ, ಬೆಲ್ಲದ ಪಾಕದಲ್ಲಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿದರು. ಉಂಡೆಯನ್ನು ತಮ್ಮ ಕೈಯಿಂದಲೇ ತಿನ್ನಿಸಬೇಕೆಂದು ಹಟ ಹಿಡಿದು, ಬುಟ್ಟಿ ಮಡಿಲಲ್ಲಿಟ್ಟುಕೊಂಡು ಗಾಡಿಯ ಮುಂದುಗಡೆ, ನನಗೆ ಬೆನ್ನು ತಿರುಗಿಸಿ, ಓರೆಯಾಗಿ ಕೂತರು. ಹೊಸೂರಿಗೆ ಹೋಗಿ ಬರುವವರೆಗೂ ಸಿಪಾಯಿಗೆ ನನ್ನ ಗುಣಗಾನ ಮಾಡಿದರು. ದಾರಿಯಲ್ಲಿ ಕೊಡೆ ಬಂತು, ಎಮ್ಮೆ ಬಂತು, ಕೊನೆಗೆ ಹೊಗೆಯ ಬಸ್ಸೂ ಬಂತು. ಸಿಪಾಯಿ ಕಿವಿಯನ್ನು ಹಿಂದಕ್ಕೆ ಮಾಡಿಕೊಂಡು ನೆಟ್ಟಗೆ ಹೆಜ್ಜೆ ಹಾಕಿತು. ನನ್ನ ಕಣ್ಣನ್ನು ನಾನೇ ನಂಬಲಿಲ್ಲ.

ಉಂಡೆಗೆ ಹೆಸರು ಬಂದುಬಿಟ್ಟಿತು. ಹೊಸೂರಿನ ಜಟಕಾದವರು ಮನೆಗೆ ಬಂದು ಕಾದು ಕೂತು ಇಸಿದುಕೊಂಡು ಹೋದರು. ರಾಮಕೃಷ್ಣಪ್ಪ ಪಂಡಿತರು ಒಂದನ್ನು ತಾವೇ ತಿಂದು ನೋಡಿ, ಬೆಲ್ಲ ಸ್ವಲ್ಪ ಜಾಸ್ತಿಯಾಯಿತು ಅಂದರು. ನಾನೂ ಎದೆ ಉಬ್ಬಿಸಿಕೊಂಡು, ಒಂದು ದಿನ ಅತ್ತೆಯ ಕಾಟ ತಪ್ಪಲಿ ಎಂದು ಉಂಡೆಯ ಬುಟ್ಟಿ ಮಾತ್ರ ಇಟ್ಟುಕೊಂಡು ಒಬ್ಬನೇ ಹೊರಟೆ. ಊರು ದಾಟುವ ಮುಂಚೆ ಸಿಪಾಯಿ ಎರಡು ಉಂಡೆ ಚಪ್ಪರಿಸಿ ತಿಂದಿತು. ಆಮೇಲೆ ಯಾರೋ ಕೊಡೆ ಬಿಚ್ಚಿದರು. ಗಾಡಿ, ಕುದುರೆ, ನಾನು, ಬುಟ್ಟಿ ಎಲ್ಲರೂ ರಾಗಿ ಹೊಲದಲ್ಲಿದ್ದೆವು.

ಮೈಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಉಂಡೆ ಹಳಸಿರಬೇಕು ಎಂದು ಗೊಣಗಿದೆ. ಮಂಗಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಉಂಡೆ ಅಲ್ಲ ಕಣ್ರೀ, ನಮ್ಮಮ್ಮನ ಬಾಯಿ!"

"ಹೋಗೇ ಹೋಗು."

"ಇವತ್ತು ಉಂಡೆ ಇಲ್ದಂಗೆ ಅಮ್ಮನ್ನ ಕೂರಿಸ್ಕೊಂಡು ಹೋಗ್ನೋಡಿ. ಅದರ ಪಾಡಿಗೆ ಅದು ಆ ದನಿ ಕೇಳ್ತಾ ಹೋಯ್ತದೆ. ಬೇರೆ ಸದ್ದು ಅದರ ಕಿವಿಗೆ ಬೀಳಾಕೆ ಎಲ್ಲೈತೆ ಜಾಗ?"

ಹೋಗಿ ನೋಡಿದೆ. ಅವಳು ಹೇಳಿದ್ದೇ ನಿಜವಾಯಿತು. ನನ್ನ ಕರ್ಮ ನೋಡಿ! ಹೆರಿಗೆ ಆದದ್ದೇ ತಡ ಈ ಬಾಯನ್ನು ಬಾಗಲೂರಿಗೆ ಸಾಗಿಸಬೇಕು ಎಂದುಕೊಂಡಿದ್ದವನಿಗೆ ಈಗ ಅದೇ ಬಾಯಿ ಬೇಕು. ಆದರೂ ಮನಸ್ಸಿಗೆ ನೆಮ್ಮದಿಯಾಯಿತು. ನೋವು ಬಂದ ದಿನ ಅತ್ತೆ ಹೇಗೂ ಜೊತೆಗಿರುತ್ತಾರೆ, ಅವರು ಮಾತಾಡದೆ ಇರುವುದುಂಟೇ?

ಒಂದು ದಿನ ಬೆಳಿಗ್ಗೆ, ಬಿಸಿಲೇರುವ ಹೊತ್ತಿಗೆ ನೋವು ಬಂತು. ಬೈರಮ್ಮ ಓಡಿ ಬಂದು ಮುಟ್ಟಿ ನೋಡಿ, "ಕೂಸು ತಿರುಗಿಲ್ಲ, ಹೊರಡಪ್ಪ, ಹೊರಡು" ಅಂದಳು. ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ ಮಂಗಮ್ಮನನ್ನು ಮಲಗಿಸಿದೆವು. ಬೈರಮ್ಮ ಪಕ್ಕಕ್ಕೆ ಕೂತಳು, ಅತ್ತೆ ಮುಂದೆ ಕೂತರು. ಊರ ಬಾಗಿಲವರೆಗೂ ಸರಿಯಾಗಿಯೇ ಹೋಯಿತು.

ರಸ್ತೆಯ ತಿರುವಿನಲ್ಲಿ ಒಂದು ಬಸ್ಸು ಕೆಟ್ಟು ನಿಂತಿತ್ತು. ಹಿಂದಿನ ಒಲೆಗೆ ಗಾಳಿ ಊದುವ ಚಕ್ರವನ್ನು ಒಬ್ಬ ಗರಗರ ಎಂದು ತಿರುಗಿಸುತ್ತಿದ್ದ, ಬುಸ್ಸೆಂದು ಕಿಡಿ ಹಾರುತ್ತಿತ್ತು. ಸಿಪಾಯಿ ನಾಲ್ಕೂ ಕಾಲನ್ನು ಊರಿ ನಿಂತಿತು. ಮೈ ನಡುಗಿತು. ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು. ಒಳಗೆ ಮಂಗಮ್ಮ ಹಲ್ಲು ಕಚ್ಚಿ ನರಳಿದಳು. ಆಗಲೇ ನನಗೆ ಅರಿವಾದದ್ದು, ಅತ್ತೆ ಮನೆ ಬಿಟ್ಟಾಗಿನಿಂದ ಒಂದು ಮಾತೂ ಆಡಿರಲಿಲ್ಲ.

ತಿರುಗಿ ನೋಡಿದೆ. ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಕೂತಿದ್ದರು. ಭಯಕ್ಕೆ ನಾಲಗೆ ಹೊರಳುತ್ತಿರಲಿಲ್ಲ.

"ಅತ್ತೆಮ್ಮ, ಏನಾದ್ರೂ ಮಾತಾಡಿ. ನಿಮ್ ಕಾಲಿಗೆ ಬೀಳ್ತೀನಿ, ಮಾತಾಡಿ!"

ತಲೆ ಅಲ್ಲಾಡಿಸಿದರು. ಕಣ್ಣಿಂದ ನೀರು ಬಂತೇ ಹೊರತು ಮಾತು ಬರಲಿಲ್ಲ. ನಾನೇ ಮಾತಾಡೋಣವೆಂದುಕೊಂಡೆ. "ಹೋಗಪ್ಪ ಸಿಪಾಯಿ, ನನ್ನಪ್ಪ, ಬಸ್ಸು ಅದು, ಏನೂ ಮಾಡಾಕಿಲ್ಲ" ಅಂದೆ. ಅಷ್ಟಕ್ಕೆ ನನ್ನ ಮಾತು ಖಾಲಿ. ನನ್ನ ದನಿಯೇ ನಡುಗುತ್ತಿತ್ತು, ಅದನ್ನು ಕೇಳಿ ಕುದುರೆ ಇನ್ನಷ್ಟು ಹೆದರಿತು. ಉಂಡೆ ಕೊಟ್ಟರೆ ಮೂತಿ ತಿರುಗಿಸಿತು. ಗಾಡಿಯ ಒಂದು ಗಾಲಿ ಆಗಲೇ ಹಳ್ಳದ ಅಂಚಿಗೆ ಬಂದಿತ್ತು.

ಇನ್ನು ದೇವರೇ ಗತಿ ಎನ್ನುವಾಗ ನನಗೆ ಅತ್ತೆಯ ದಾರಿಯೇ ಹೊಳೆಯಿತು. ಅವರ ಕಡೆ ನೋಡದೆ, ಸಿಪಾಯಿಯ ಕಿವಿಗೆ ಗಟ್ಟಿಯಾಗಿ ಹೇಳಿದೆ.

"ಕೇಳ್ಲಾ ಸಿಪಾಯಿ. ಬಾಗಲೂರಿನೋರು ಮಾಡೋ ಸಾರಿದೆಯಲ್ಲ, ಅದರಾಗೆ ಬೇಳೆ ಹುಡುಕಾಕೆ ದೀಪ ಹಚ್ಚಬೇಕು ಕಣ್ಲಾ."

ಬೈರಮ್ಮ ಬಾಯಿ ತೆರೆದು ನನ್ನನ್ನೇ ನೋಡಿದಳು. ಅತ್ತೆ ಮಿಸುಕಲಿಲ್ಲ.

"ಕೂಸು ಹುಟ್ಟಿದ್ ಮಾರನೆ ದಿನಾನೇ ಔರ ಗಂಟು ಮೂಟೆ ಕಟ್ಟಿ ಬಾಗಲೂರಿಗೆ ಕಳಿಸ್ಬಿಡ್ತೀನಿ. ಕೂಸಿಗೆ ಔರ ನೆಳ್ಳೂ ಸೋಕಬಾರದು. ಅಂಥಾ ಅಜ್ಜಿ ಯಾವ ಮಗೀಗೆ ಬೇಕು?"

ಸೆರಗು ಬಾಯಿಂದ ಜಾರಿತು.

"ಕೇಳಿದ್ಯೇನ್ಲಾ ಸಿಪಾಯಿ!" ಎಂದು ಶುರುವಾಯಿತು ನೋಡಿ. "ಕೇಳಿದ್ಯೇನೋ ನನ್ನಪ್ಪಾ! ನನ್ ಮಗಳು ಒಳಗೆ ಜೀವ ಹಿಡ್ಕೊಂಡು ಬಿದ್ದೌಳೆ, ಇವ್ರಿಗೆ ಸಾರಿನ ಚಿಂತೆ! ಬೇಳೆ ಎಲ್ಲೈತೆ ಅಂತಾರಲ್ಲ, ತಂದು ಹಾಕಿದ್ರಾ? ಯಾವತ್ತು ತಂದ್ರು, ಕೇಳು! ಲಗಾಮು ಹಿಡ್ಯಾಕೆ ಬರಕಿಲ್ಲ, ಕುದ್ರೆ ಕೊಳ್ಳಾಕೆ ಬರಕಿಲ್ಲ, ಅಜ್ಜಿ ಬ್ಯಾಡ್ವಂತೆ ಮಗೀಗೆ! ನಡಿ, ನೀನು ನಡೀಲಾ, ನಾನ್ ಹೇಳ್ತೀನಿ ಔರ ಬಣ್ಣಾನ…"

ಸಿಪಾಯಿಯ ಕಿವಿಗಳು ಹಿಂದಕ್ಕೆ ತಿರುಗಿದವು. ಒಂದು ಹೆಜ್ಜೆ ಹಾಕಿತು, ಇನ್ನೊಂದು ಹಾಕಿತು. ಬಸ್ಸಿನ ಕಿಡಿಯ ಪಕ್ಕದಲ್ಲೇ ಹಾದು, ಓಡಲು ಶುರು ಮಾಡಿತು. ಅತ್ತೆ ನನ್ನ ವಂಶವನ್ನೆಲ್ಲ ಜಾಲಾಡುತ್ತಾ ಬಂದರು. ನನಗೋ ಒಂದೊಂದು ಬೈಗುಳವೂ ಪ್ರಾಣ ತುಂಬಿದ ಹಾಗಿತ್ತು. ನಿಲ್ಲಿಸಬೇಡಿ ತಾಯಿ ಎಂದು ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ. ಆಸ್ಪತ್ರೆಯ ಬಾಗಿಲಲ್ಲಿ ಗಾಡಿ ನಿಂತಾಗ ಅವರು ನಮ್ಮ ಮುತ್ತಾತನನ್ನು ತಲುಪಿದ್ದರು.

ಮಧ್ಯಾಹ್ನ ದಾಟಿದ ಮೇಲೆ ಡಾಕ್ಟರಮ್ಮ ಹೊರಗೆ ಬಂದು, ಹೆಣ್ಣು ಮಗು, ಇಬ್ಬರೂ ಕ್ಷೇಮ, ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದು ಹೇಳಿ ಒಳಗೆ ಹೋದರು. ನನಗೆ ನಗು ಬಂತು, ಅಳುವೂ ಬಂತು. ಮಗುವನ್ನು ನೋಡಿದೆ, ಮಂಗಮ್ಮನ ತಲೆ ಸವರಿದೆ. ಆಮೇಲೆ ಅತ್ತೆ ಎಲ್ಲಿ ಎಂದು ಹುಡುಕುತ್ತಾ ಹೊರಗೆ ಬಂದೆ.

ಹುಣಸೆಮರದ ಕೆಳಗೆ ಸಿಪಾಯಿಯ ಹತ್ತಿರ ನಿಂತಿದ್ದರು. ದನಿ ಸಣ್ಣದಾಗಿತ್ತು.

"ಮೊಮ್ಮಗಳ ಮುಖ ನೋಡಿದೆ ಕಣಪ್ಪ, ಅಷ್ಟು ಸಾಕು. ಬಾಣಂತನ ಮುಗಿಸ್ಕೊಟ್ಟು ಹೊರಟೋಯ್ತೀನಿ. ಅಣ್ಣನ ಮನ್ಯಾಗೆ ಬಿದ್ದಿರ್ತೀನಿ. ಅಲ್ಲಿ ಅತ್ತಿಗೆ ಬಾಯಿ ಬಿಡಾಕೂ ಬಿಡಕಿಲ್ಲ. ನಾನು ಕರೆದ್ರೂ ಯಾರೂ ಓ ಅನ್ನಕಿಲ್ಲ. ಅದಕ್ಕೇ ಇಲ್ಲಿಗೆ ಬಂದು ಇಷ್ಟು ಮಾತಾಡಿದ್ದು ಕಣ್ಲಾ. ನೀನು ಕೇಳ್ತಿದ್ದೆ."

ನಾನು ಅಲ್ಲೇ ನಿಂತುಬಿಟ್ಟೆ. ಬಾಗಲೂರಿಗೆ ಕಳಿಸುವ ಮಾತನ್ನು ಕುದುರೆ ಓಡಲಿ ಎಂದು ಆಡಿದೆ ಎಂದು ವಿವರಿಸಬಹುದಿತ್ತು. ಅರ್ಧ ಸುಳ್ಳಾಗುತ್ತಿತ್ತು. ನಿನ್ನೆಯವರೆಗೂ ನನ್ನ ಮನಸ್ಸಿನಲ್ಲಿದ್ದದ್ದೇ ಅದಲ್ಲವೇ?

ಹತ್ತಿರ ಹೋಗಿ ಸಿಪಾಯಿಯ ಕೊರಳು ತಟ್ಟಿದೆ. "ಅತ್ತೆಮ್ಮಂಗೆ ಇರಾಕೆ ಹೇಳ್ಲಾ" ಅಂದೆ.

ಅತ್ತೆ ಸೆರಗು ಎಳೆದುಕೊಂಡು ಆ ಕಡೆ ತಿರುಗಿದರು. "ನಿಂಗೋಸ್ಕರ ಇರು ಅಂತಾರೆ. ನಾಳೆ ನಿನ್ನ ಮಾರ್ಬುಟ್ರೆ ನಾನ್ಯಾಕೆ ಬೇಕ್ಲಾ ಇವ್ರಿಗೆ?"

ಕುದುರೆಯನ್ನು ಸುತ್ತಿ ಬಂದು ಅವರ ಎದುರಿಗೇ ನಿಂತೆ. ಆಸ್ಪತ್ರೆಯ ಜಗಲಿಯಲ್ಲಿದ್ದ ಜನ ನೋಡುತ್ತಿದ್ದರು. ನೋಡಲಿ.

"ಕುದ್ರೆ ಇದ್ರೂ ಇರಿ, ಮಾರಿದ್ರೂ ಇರಿ, ಅತ್ತೆಮ್ಮ. ನಾಳೆಯಿಂದ ನಂಗೆ ಹೇಳೋದನ್ನ ನಂಗೇ ಹೇಳಿ. ನಾನು ಕೇಳ್ತೀನಿ."

ಮುನಿಗಂಗಮ್ಮನವರು ತಲೆ ಎತ್ತಿದರು. ಮದುವೆಯಾದಾಗಿನಿಂದ ನಾನು ಅವರ ಮುಖವನ್ನು ಸರಿಯಾಗಿ ನೋಡಿದ್ದೇ ಅಂದು. ಮಂಗಮ್ಮನದೇ ಕಣ್ಣುಗಳು.

"ನಂಗೂ ಅಲ್ಲಿಗೆ ಹೋಗಾಕೆ ಇಷ್ಟ ಇಲ್ಲ, ಅಳಿಯಂದ್ರೇ" ಅಂದರು.

"ಹಂಗಾದ್ರೆ ಹೋಗ್ಬ್ಯಾಡಿ" ಅಂದೆ.