ಹೆಸರು ಸಿಗದಿದ್ದರೆ ಸುಮ್ಮನಿರು

ಜಹೀರಾಬಾದಿನ ಡಯಾಲಿಸಿಸ್ ಕೇಂದ್ರದಲ್ಲಿ ಮಷೀನು ಮೂರು, ಕೆಡುವುದು ವಾರಕ್ಕೆರಡು ಸಲ. ಹಾಗಾಗಿ ರೋಗಿಗಳಿಗೆ ಹಿಂದಿನ ಸಂಜೆ ಕಂಪ್ಯೂಟರೇ ಫೋನ್ ಮಾಡಿ ಬರಲು ಹೇಳುತ್ತಿತ್ತು. ಫೋನ್ ಬರದಿದ್ದರೆ ಮಷೀನು ಕೆಟ್ಟಿದೆ ಎಂದು ತಿಳಿದು ಮನೆಯಲ್ಲೇ ಇರಬೇಕು, ಜೀಪು ಹತ್ತಿ ಬಂದು ಒದ್ದಾಡಬಾರದು. ಇದನ್ನು ಹಳ್ಳಿಯವರಿಗೆ ಕಲಿಸಿದ್ದು ಕೇಂದ್ರದವರೇ.

ಆ ಪ್ರೋಗ್ರಾಮನ್ನು ನೋಡಿಕೊಳ್ಳುತ್ತಿದ್ದವಳು ಸ್ವರೂಪಾ. ಬರೆದವನು ಅಮರ್, ಕೆಲಸ ಬಿಟ್ಟು ಹೋಗಿ ಎರಡು ವರ್ಷವಾಗಿತ್ತು. ಪ್ರೋಗ್ರಾಮಿನೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಮೆಥಡ್, ಅಂದರೆ ಸೂಚನೆಗಳ ಒಂದು ಕಟ್ಟು. ಪುಣ್ಯಾತ್ಮ ಅವುಗಳಿಗೆ ಬಾಯಿಗೆ ಬಂದ ಹೆಸರಿಟ್ಟಿದ್ದ. ಅದನ್ನೇ ತಾಂಡೂರು, ನಾರಾಯಣಖೇಡದ ಕೇಂದ್ರಗಳಿಗೂ ಮಾರುವ ಆಸೆ ಹುಟ್ಟಿದ ಮೇಲೆ ಮಾಲೀಕ ಧರ್ಮಣ್ಣನಿಗೆ ಹೆಸರುಗಳೆಲ್ಲ ನೀಟಾಗಬೇಕಾಯಿತು.

ನಾನೂರ ಹನ್ನೆರಡು ಹೆಸರನ್ನು ಕೈಯಿಂದ ತಿದ್ದುವವರು ಯಾರು? ಸ್ವರೂಪಾ ಅದಕ್ಕೇ ಒಂದು ಸಣ್ಣ ಪ್ರೋಗ್ರಾಮು ಬರೆದಳು. ಅದು ಪ್ರತಿ ಮೆಥಡ್ಡಿಗೂ ಹೊಸ ಹೆಸರಿಟ್ಟು, ಹಳೆಯ ಹೆಸರಿನಿಂದ ಕರೆಯುತ್ತಿದ್ದ ಕಡೆಯೆಲ್ಲ ತಿದ್ದಿ ಬಂತು. ಚಹಾ ಆರುವುದರೊಳಗೆ ಮುಗಿಯಿತು. ಒಂದು ತಪ್ಪೂ ತೋರಿಸಲಿಲ್ಲ. ಅವಳಿಗೆ ತನ್ನ ಮೇಲೆ ತನಗೇ ಹೆಮ್ಮೆಯಾಯಿತು.

ಆದರೆ ಸಂಜೆಯ ಫೋನಿನ ಮೆಥಡ್ಡಿನ ಹೆಸರನ್ನು ಅಮರ್, ಯಾವ ಹೊತ್ತಿಗೆ ಏನು ನಡೆಸಬೇಕೆಂದು ಕಂಪ್ಯೂಟರ್ ನೋಡುವ ಬೇರೊಂದು ಪಟ್ಟಿಯಲ್ಲಿ ಬರೀ ಅಕ್ಷರವಾಗಿ ಬರೆದಿಟ್ಟಿದ್ದ. ಅದು ಹೆಸರೆಂದು ಅವಳ ಪ್ರೋಗ್ರಾಮಿಗೆ ತಿಳಿಯಲಿಲ್ಲ. ಪಟ್ಟಿಯಲ್ಲಿ ಹಳೆಯ ಹೆಸರೇ ಉಳಿಯಿತು. ಆ ಹೆಸರು ಸಿಗದಿದ್ದರೆ ಸುಮ್ಮನಿರು ಎಂದೂ ಅಮರ್ ಬರೆದಿದ್ದ. ಕಂಪ್ಯೂಟರ್ ಸುಮ್ಮನಿತ್ತು.

ಪೇಟೆಯ ರೋಗಿಗಳು ಹತ್ತಿರದವರು, ಫೋನಿಗೆ ಕಾಯದೆ ರೂಢಿಯಂತೆ ಬಂದರು. ಹಳ್ಳಿಯವರು ಬರಲಿಲ್ಲ, ಬರದವರನ್ನು ಯಾರೂ ಕೇಳಲೂ ಇಲ್ಲ. ನ್ಯಾಲ್ಕಲ್ಲಿನ ಹಣಮಮ್ಮ ಶುಕ್ರವಾರವೂ ಸೋಮವಾರವೂ ಮನೆಯಲ್ಲೇ ಕೂತರು. ಮಂಗಳವಾರ ಬೆಳಗ್ಗೆ ಉಸಿರು ಸಿಕ್ಕಿಕೊಂಡು ಜೀಪಿನಲ್ಲೇ ತೀರಿಕೊಂಡರು. ಅವರು ಸ್ವರೂಪಾಳ ಸ್ವಂತ ಕಾಕಿ, ಚಿಕ್ಕಪ್ಪನ ಹೆಂಡತಿ.

ಸುದ್ದಿ ಕೇಳಿ ಅವಳು ಮೊದಲು ಮಾಡಿದ್ದು ಫೋನಿನ ಲೆಕ್ಕ ತೆಗೆದು ನೋಡಿದ್ದು. ಆರು ದಿನದಿಂದ ಒಂದು ಕರೆಯೂ ಹೋಗಿರಲಿಲ್ಲ. ಹೋಗಿ ಧರ್ಮಣ್ಣನಿಗೆ ಹೇಳಿದಳು. ಧರ್ಮಣ್ಣ ತಾನೇ ಎದುರು ನಿಂತು ಪಟ್ಟಿ ತಿದ್ದಿಸಿ, ಈ ಮಾತು ಇಲ್ಲಿಗೇ ಇರಲಿ ಎಂದು ತಾಕೀತು ಮಾಡಿದ.

ತೀರಿಕೊಂಡ ಕಾಕಿಯ ಹೆಸರಿನಲ್ಲಿ ನಡೆದ ಪುಣ್ಯಾನುಮೋದನದ ದಿನ ಬುದ್ಧವಂದನೆ ಮುಗಿದ ಮೇಲೆ ಅವರ ಗಂಡ ಕಲ್ಯಾಣಪ್ಪ ಕಾಕಾ ಗೋಡೆಗೊರಗಿ ಕೂತಿದ್ದರು. ಊಟ ಬಿಟ್ಟು ಮೂರು ದಿನವಾಗಿತ್ತಂತೆ. ಬಂದವರಿಗೆಲ್ಲ ಅವರದು ಒಂದೇ ಮಾತು.

“ನಂದೇ ತಪ್ಪದ. ಆ ವಾರ ನನ್ನ ಫೋನು ಘಡಿ ಘಡಿ ಬಂದ್ ಆಗ್ತಿತ್ತು. ರಿಪೇರಿಗಿ ಒಯ್ಯಲಿಲ್ಲ. ಅವರು ಫೋನ್ ಹಚ್ಚ್ಯಾರ, ನನಗ ಹತ್ತಿಲ್ಲ. ಆಕಿನ್ನ ನಾನೇ ಕೊಂದೀನಿ.”

ಸ್ವರೂಪಾಳಿಗೆ ತಡೆಯಲಾಗಲಿಲ್ಲ. ಕೆಲಸ ಹೋದರೆ ಹೋಗಲಿ, ಈ ಭಾರ ಹೊತ್ತು ಈ ಮನುಷ್ಯ ಬದುಕಬಾರದು ಎನಿಸಿತು. ಹತ್ತಿರ ಹೋಗಿ ಕೂತಳು.

“ಕಾಕಾ, ಫೋನು ಯಾರಿಗೂ ಹೋಗೇ ಇಲ್ಲರಿ. ನಾ ಪ್ರೋಗ್ರಾಮಿನ್ಯಾಗ ಹೆಸರು ಬದಲಿ ಮಾಡಿದ ಮ್ಯಾಲ ಅದು ಫೋನ್ ಹಚ್ಚೋದೇ ಬಿಟ್ಟಿತ್ತು. ತಪ್ಪು ನಂದದ.”

ಮೊಬೈಲಿನಲ್ಲಿ ಆ ಆರು ದಿನದ ಕರೆಗಳ ಖಾಲಿ ಪಟ್ಟಿ ತೆಗೆದು ತೋರಿಸಿದಳು. ಕಾಕಾ ಅದರ ಕಡೆ ನೋಡಲೇ ಇಲ್ಲ. ಅವಳ ತಲೆಯ ಮೇಲೆ ಕೈಯಿಟ್ಟರು.

“ನನ್ನ ಸಮಾಧಾನಕ್ಕ ಸುಳ್ಳ್ಯಾಕ ಹೇಳ್ತಿ ಬೇಟಿ? ಹೆಸರು ಬದಲಿ ಮಾಡಿದ್ರ ಯಾರರ ಸಾಯ್ತಾರೇನು?”

ಅವಳು ಮತ್ತೆ ಹೇಳಿದಳು, ಅಳುತ್ತ ಹೇಳಿದಳು. ಅವರು ಅವಳ ಕಣ್ಣೊರೆಸಿದರು. ಅಷ್ಟರಲ್ಲಿ ಮೊಗುಡಂಪಲ್ಲಿಯ ಬೀಗರು ಒಳಗೆ ಬಂದರು. ಕಾಕಾ ಅವರ ಕಡೆ ತಿರುಗಿ, ಆ ವಾರ ನನ್ನ ಫೋನು ಬಂದ್ ಆಗ್ತಿತ್ತು ಎಂದು ಮೊದಲಿನಿಂದ ಹೇಳತೊಡಗಿದರು.