ಡಬ್ಬಿ ತುಂಬ ಉಪ್ಪು

ಫರ್ಝಾನ ಎಂದರೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ದುಬೈಯ ಇಂಟರ್‌ನ್ಯಾಷನಲ್ ಸಿಟಿಯ ಈ ಕಟ್ಟಡದಲ್ಲಿ ನಮ್ಮದು ಮೂರನೇ ಮಹಡಿ, ಅವಳದು ಸರಿಯಾಗಿ ನಮ್ಮ ಕೆಳಗೆ. ಅವಳು ಒಗ್ಗರಣೆ ಹಾಕಿದರೆ ಘಮಘಮ ಎಲ್ಲ ನನ್ನ ಕಿಟಕಿಗೇ. ನನ್ನ ಗಂಡ ಅಣ್ಣಾಸಾಹೇಬರು ನಾನು ಬಡಿದ ರೊಟ್ಟಿಯ ಮುಂದೆ ಕೂತು, "ನಿಂಗವ್ವ, ಇವತ್ತ ಕೆಳಗ ಕೋಳಿ ಮಾಡ್ಯಾರ ನೋಡ" ಎನ್ನುತ್ತಾರೆ. ಮೈ ಉರಿಯದೆ ಇನ್ನೇನಾದೀತು?

ನಾವು ಜಮಖಂಡಿ ಕಡೆಯವರು. ರೊಟ್ಟಿ ಬಡಿಯುವುದರಲ್ಲಿ ನನ್ನ ಸಮ ಇನ್ನೊಬ್ಬರಿಲ್ಲ. ಇದು ನನ್ನ ಮಾತಲ್ಲ, ತಿಂದವರ ಮಾತು. ವರ್ಷಗಟ್ಟಲೆ ಈ ಮನೆಯಿಂದಲೇ ನಮ್ಮ ಕಡೆಯ ಬ್ಯಾಚುಲರ್ ಹುಡುಗರಿಗೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿ ಕಳಿಸಿದೆ. ಹೋದ ವರ್ಷ ವಾಚ್‌ಮನ್ ಬಂದು, ಲೈಸೆನ್ಸ್ ಇಲ್ಲದೆ ಮನೆಯಿಂದ ಊಟ ಮಾರುವಂತಿಲ್ಲ, ಯಾರಾದರೂ ದೂರು ಕೊಟ್ಟರೆ ನಿಮಗೇ ತೊಂದರೆ ಎಂದು ಹೇಳಿಹೋದ. ಖಲಾಸ್. ಅದರ ಮೇಲೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಇವರು ದುಡಿಯುವ ಪೈಪಿನ ಕಾರ್ಖಾನೆಯಲ್ಲಿ ಒಂದು ಪಾಳಿ ನಿಂತಿತು. ಇವರನ್ನು ಯಾವತ್ತು ಮನೆಗೆ ಕಳಿಸುತ್ತಾರೋ ಗೊತ್ತಿಲ್ಲ. ಅಷ್ಟರೊಳಗೆ ನನ್ನ ರೊಟ್ಟಿ ಮತ್ತೆ ಮಾರಾಟಕ್ಕೆ ಹೋಗದಿದ್ದರೆ ನಾವು ಗಂಟುಮೂಟೆ ಕಟ್ಟಬೇಕು.

ಸಿಲಿಕಾನ್ ಓಯಸಿಸ್‌ನಲ್ಲಿ ಒಂದು ನೆರವು ಕೇಂದ್ರ ಇದೆ ಎಂದು ಗೊತ್ತಾದದ್ದು ಆಗಲೇ. ಕೆಲಸ ಹುಡುಕುವವರಿಗೆ ಬಯೋಡೇಟಾ ತಿದ್ದಿಕೊಡುತ್ತಾರೆ, ಸಣ್ಣ ವ್ಯಾಪಾರ ಹೂಡುವವರಿಗೆ ಪಾಠ ಹೇಳುತ್ತಾರೆ, ಯಾವುದಕ್ಕೂ ಫೀಸಿಲ್ಲ. ಎಲ್ಲಕ್ಕಿಂತ ಮುಖ್ಯ, ಅವರದೊಂದು ಲೈಸೆನ್ಸ್ ಇರುವ ಅಡಿಗೆಮನೆ ಇದೆ. ತರಗತಿ ಮುಗಿಸಿದವರ ಅಡಿಗೆ ರುಚಿ ನೋಡಿ, ಒಬ್ಬರನ್ನು ಆರಿಸಿ, ಅವರಿಗೆ ಅದನ್ನು ಒಂದು ವರ್ಷ ಬಾಡಿಗೆಯಿಲ್ಲದೆ ಬಿಟ್ಟುಕೊಡುತ್ತಾರೆ. ಅಲ್ಲಿ ಬೇಯಿಸಿದ್ದನ್ನು ರಾಜಾರೋಷವಾಗಿ ಮಾರಬಹುದು.

ಈ ವಿಷಯವನ್ನು ಫರ್ಝಾನಳ ಕಿವಿಗೆ ಹಾಕಿದವಳು ಯಾರು? ನಾನೇ. ಒಬ್ಬಳೇ ಬಸ್ಸಿನಲ್ಲಿ ಹೋಗಲು ಬೇಜಾರಾಗಿ, "ನೀನೂ ಬಾರವ್ವ, ಜೊತಿ ಆಕ್ಕೈತಿ" ಎಂದೆ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡೆ.

ಅಲ್ಲಿ ಪಾಠ ಹೇಳುವ ಪ್ಯಾಟ್ರಿಶಿಯಾ ಮಂಗಳೂರಿನವರು. ಫರ್ಝಾನ ಉಳ್ಳಾಲದ ಬ್ಯಾರಿ ಹೆಂಗಸು. ಮೊದಲ ದಿನವೇ ಇಬ್ಬರೂ ತುಳುವಿನಲ್ಲಿ ಹರಟೆ ಶುರುಮಾಡಿದರು. ನಾನು ಮಧ್ಯೆ ಕೂತು ಒಮ್ಮೆ ಇವಳ ಬಾಯಿ, ಒಮ್ಮೆ ಅವರ ಬಾಯಿ ನೋಡಿದೆ. ಅವರು ನಕ್ಕಾಗ ನಾನೂ ನಗಬೇಕೋ ಬೇಡವೋ ತಿಳಿಯಲಿಲ್ಲ. ಫರ್ಝಾನಳ ಮಗಳು ನಸೀಮ ಕಾಲೇಜು ಓದುವ ಹುಡುಗಿ. ತಾಯಿ ಪತ್ತಿರ್ ಮಾಡುವುದನ್ನು ವಿಡಿಯೊ ಮಾಡಿ ತರಗತಿಯ ಫೋನ್ ಗುಂಪಿಗೆ ಹಾಕಿದಳು, ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಪತ್ತಿರ್ ಎಂದರೇನು ಮಹಾ? ಅಕ್ಕಿ ಹಿಟ್ಟಿನ ತೆಳ್ಳನೆ ರೊಟ್ಟಿ. ಲಟ್ಟಣಿಗೆ ಇದ್ದರೆ ಯಾರಾದರೂ ಮಾಡಿಯಾರು. ಬರಿಗೈಯಲ್ಲಿ ಜೋಳದ ರೊಟ್ಟಿ ಬಡಿದು ತೋರಿಸಲಿ, ಆಮೇಲೆ ಮಾತಾಡೋಣ. ಆದರೆ ನನಗೆ ವಿಡಿಯೊ ಮಾಡಿಕೊಡುವ ಮಗಳಿಲ್ಲ. ಇವರ ಕೈಗೆ ಫೋನ್ ಕೊಟ್ಟರೆ ರೊಟ್ಟಿಗಿಂತ ಇವರ ಹೆಬ್ಬೆರಳೇ ಹೆಚ್ಚು ಕಾಣುತ್ತದೆ.

ರುಚಿ ನೋಡುವ ದಿನ ಹತ್ತಿರ ಬಂದಾಗ ಫರ್ಝಾನ ಸ್ಟೀಲಿನ ಡಬ್ಬಿಯಲ್ಲಿ ಪತ್ತಿರ್, ಕೋಳಿ ಸಾರು ತಂದುಕೊಟ್ಟಳು. "ಹೇಗುಂಟು ಹೇಳಿ ಅಕ್ಕ, ನಿಮ್ಮ ನಾಲಗೆ ಸುಳ್ಳು ಹೇಳುವುದಿಲ್ಲ" ಎಂದಳು. ಇವರು ಡಬ್ಬಿಯ ತಳವನ್ನೂ ಬಿಡದೆ ಒರೆಸಿ ತಿಂದರು. ನಾನು ಒಂದು ತುತ್ತು ತಿಂದೆ. ಚೆನ್ನಾಗಿತ್ತು. ಅದೇ ಸಂಕಟ.

ಇನ್ನು ಡಬ್ಬಿ ತಿರುಗಿ ಕೊಡಬೇಕಲ್ಲ. ನಮ್ಮ ಕಡೆ ಬಂದ ಡಬ್ಬಿಯನ್ನು ಖಾಲಿ ಕಳಿಸುವ ಪದ್ಧತಿಯಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯನ್ನಾದರೂ ಹಾಕಬೇಕು. ಒಳ್ಳೆಯದನ್ನು ಹಾಕಲು ನನಗೆ ಕೈ ಬರಲಿಲ್ಲ. ಶೇಂಗಾ ಹೋಳಿಗೆ ಹಾಕಿದರೆ ಅದರ ಹದ ತಿಳಿದು ಅದನ್ನೂ ಮಾಡಿಬಿಟ್ಟಾಳು. ಸಕ್ಕರೆ ಹಾಕಿ ಅವಳ ಬಾಯಿ ಸಿಹಿ ಮಾಡುವುದಂತೂ ದೂರವೇ ಉಳಿಯಿತು. ಡಬ್ಬಿ ಒಲೆಯ ಪಕ್ಕದಲ್ಲೇ ಬಿದ್ದಿತ್ತು. ರುಚಿ ನೋಡುವ ದಿನದ ಹಿಂದಿನ ಸಂಜೆ ನನಗೆ ನಮ್ಮವ್ವನ ಮಾತು ನೆನಪಾಯಿತು. ಅವಳು ಜನ್ಮದಲ್ಲಿ ಯಾರ ಕೈಗೂ ಉಪ್ಪು ಕೊಟ್ಟವಳಲ್ಲ. ಕೈಗೆ ಉಪ್ಪು ಕೊಟ್ಟರೆ ಜಗಳ ಬೀಳುತ್ತದೆ, ಹೋಗಿಬರುವ ಬಳಕೆ ಮುರಿಯುತ್ತದೆ ಎನ್ನುತ್ತಿದ್ದಳು. ಮುರಿಯಲಿ, ನನಗೇನು? ಡಬ್ಬಿಯ ಕಂಠದವರೆಗೆ ಉಪ್ಪು ತುಂಬಿ, ಮುಚ್ಚಳ ಒತ್ತಿ, ಕೆಳಗೆ ಹೋದೆ. ಅವಳು ಮಸಾಲೆ ಮೆತ್ತಿದ ಕೈಯಲ್ಲೇ ಬಾಗಿಲು ತೆಗೆದಳು. ಅದೇ ಕೈಗೆ ಇಟ್ಟೆ. "ಅಯ್ಯೋ, ಇದೆಲ್ಲ ಯಾಕೆ ಅಕ್ಕ" ಎಂದು, ತೆರೆದೂ ನೋಡದೆ ಒಳಗೆ ಹೋದಳು.

ಮರುದಿನ ಕೇಂದ್ರದಲ್ಲಿ ಎಲ್ಲರೂ ನನ್ನ ರೊಟ್ಟಿ ತಿಂದರು, ಎಣ್ಣೆಗಾಯಿಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಆಮೇಲೆ ಪ್ಯಾಟ್ರಿಶಿಯಾ, "ನಿಮ್ಮ ಗಿರಾಕಿಗಳು ಯಾರು, ನಿಂಗವ್ವ?" ಎಂದು ಕೇಳಿದರು.

"ಹಸದವ್ರು" ಎಂದೆ.

ಎಲ್ಲರೂ ನಕ್ಕರು. ಹಸಿಯದವನು ಯಾಕೆ ಊಟ ಕೊಳ್ಳುತ್ತಾನೆ, ಅದನ್ನು ಅವರು ಹೇಳಲಿ. ಫರ್ಝಾನ ಮಾತ್ರ ಮಗಳು ಬಾಯಿಪಾಠ ಮಾಡಿಸಿದ್ದನ್ನು ಒಪ್ಪಿಸಿದಳು: ಸುತ್ತಲಿನ ಆಫೀಸುಗಳವರು, ಬೆಳಗಿನ ನಾಷ್ಟಾ, ಫೋನಿನಲ್ಲಿ ಆರ್ಡರ್. ಅವಳ ಪತ್ತಿರ್ ಬಾಯಿಗಿಟ್ಟವರು ತಲೆದೂಗಿದರು. ಅಡಿಗೆಮನೆ ಅವಳ ಪಾಲಾಯಿತು. ನಾನು ಪಾತ್ರೆ ಕಟ್ಟಿಕೊಂಡು, ಅವಳಿಗೆ ಕಾಯದೆ, ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳು, ಅವಳ ಮಗಳು, ಅವಳ ಲಟ್ಟಣಿಗೆ, ಒಂದನ್ನೂ ಬಿಡದೆ ಮನಸಾರೆ ಬೈದೆ.

ಸಂಜೆ ಬಾಗಿಲು ಬಡಿದ ಸದ್ದು. ಅವಳೇ. ಕೈಯಲ್ಲಿ ಅದೇ ಡಬ್ಬಿ. ಉಪ್ಪನ್ನು ಮುಖಕ್ಕೆ ಎರಚಲು ಬಂದಿರಬೇಕು ಎಂದುಕೊಂಡೆ. ಬರಲಿ, ನನಗೂ ಬಾಯಿ ಇದೆ ಎಂದು ಸೆರಗು ಬಿಗಿದೆ.

"ನಿಮಗೆ ಹೇಗೆ ಗೊತ್ತಾದದ್ದು ಅಕ್ಕ?" ಎಂದಳು.

"ಏನ ಗೊತ್ತಾಗೂದು?"

"ನಮ್ಮಲ್ಲಿ ಉಪ್ಪು ಖಾಲಿ ಆದದ್ದು. ಬೆಳಿಗ್ಗೆ ನಮಾಜ್ ಮಾಡಿ ಹಿಟ್ಟಿಗೆ ನೀರಿಟ್ಟೆ. ನೋಡಿದ್ರೆ ಉಪ್ಪಿಲ್ಲ. ಗ್ರಾಸರಿ ಬಾಗಿಲು ತೆಗೆದಿರ್ಲಿಲ್ಲ, ಅಷ್ಟು ಹೊತ್ತಿಗೆ ಯಾರನ್ನು ಎಬ್ಬಿಸುವುದು? ಆಗ ನಸೀಮ ಹೇಳಿದ್ಳು, ಮೇಲಿನ ಆಂಟಿ ಕೊಟ್ಟ ಡಬ್ಬಿ ಉಂಟಲ್ಲ ಉಮ್ಮ ಅಂತ. ತೆಗೆದು ನೋಡ್ತೇನೆ, ತುಂಬ ಉಪ್ಪು. ನಾನು ಅಲ್ಲೇ ಕೂತುಬಿಟ್ಟೆ."

ಅವಳು ಕೂತಳಂತೆ. ನಾನು ಬಿಗಿದಿದ್ದ ಸೆರಗನ್ನು ಸಡಿಲಿಸಿದೆ. ಬಳಕೆ ಮುರಿಯಲೆಂದು ಕೊಟ್ಟ ಉಪ್ಪು ಅವಳನ್ನು ಗೆಲ್ಲಿಸಿತ್ತು, ನನ್ನನ್ನು ಸೋಲಿಸಿತ್ತು. ಆದರೂ ಒಳಗಿನ ಉರಿ ಬಾಯಿಗೆ ಬಂತು. "ಕೈಯಾಗ ಉಪ್ಪ ಕೊಟ್ರ ನಿಮ್ಮ ಕಡೆ ಏನಂತಾರ?" ಎಂದು ಕೇಳಿಯೇಬಿಟ್ಟೆ.

"ಜಗಳ ಆಗ್ತದೆ ಅಂತಾರೆ, ನಮ್ಮಲ್ಲೂ. ಅದಕ್ಕೇ ಅಲ್ವಾ ನೀವು ಡಬ್ಬಿಗೆ ಹಾಕಿ ಕೊಟ್ಟದ್ದು? ಕೈಗೆ ತಾಗಬಾರ್ದು ಅಂತ. ನನಗೆ ಆಗಲೇ ಅರ್ಥ ಆಯ್ತು."

ಅವಳ ಮುಖವನ್ನೇ ನೋಡಿದೆ. ಎಲ್ಲಾದರೂ ಒಂದಿಷ್ಟು ವ್ಯಂಗ್ಯ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಪ್ಯಾಟ್ರಿಶಿಯಾ ಹತ್ರ ಮಾತಾಡಿದೆ" ಎಂದಳು. "ಪಾಲುದಾರರು ಅಂತ ಇನ್ನೊಂದು ಹೆಸರು ಸೇರಿಸಬಹುದಂತೆ. ಬೆಳಗಿನ ನಾಷ್ಟಾ ನಾನು ಮುಗಿಸ್ತೇನೆ. ಮಧ್ಯಾಹ್ನದಿಂದ ಒಲೆ ನಿಮ್ಮದು. ನಿಮ್ಮ ಉಪ್ಪು ತಿಂದು ಗೆದ್ದು, ನಿಮ್ಮನ್ನು ಬಿಟ್ಟು ಹೋಗ್ಲಿಕ್ಕೆ ನನಗೆ ಆಗ್ತದಾ?"

ಬೇಡ ಎನ್ನಬೇಕಿತ್ತು. ಮಾನ ಇರುವವಳು ಬೇಡ ಎನ್ನುತ್ತಿದ್ದಳು. ಒಳಗೆ ಇವರು ಕೆಲಸದ ಬಟ್ಟೆಯಲ್ಲೇ ಕೂತು ಫೋನ್ ನೋಡುತ್ತಿದ್ದರು, ಕಾರ್ಖಾನೆಯಿಂದ ಮೆಸೇಜು ಬಂದಿದೆಯೇ ಎಂದು. "ಆತು" ಎಂದೆ. "ಆದ್ರ ತವಾ ನನ್ನದ ಬೇರೆ ಇರಬೇಕು." ಅವಳು ನಕ್ಕು, ಡಬ್ಬಿಯನ್ನು ನನ್ನ ಕೈಗಿಟ್ಟು ಇಳಿದುಹೋದಳು.

ಡಬ್ಬಿಯಲ್ಲಿ ಬೆಳಗಿನ ಪತ್ತಿರ್ ಇತ್ತು. ಇಷ್ಟು ದಿನ ಅವಳ ಕೈರುಚಿ, ಅವಳ ತುಳು, ಅವಳ ಮಗಳನ್ನು ಕಂಡು ಉರಿದಿದ್ದೆ. ಅದಕ್ಕೆಲ್ಲ ಏನಾದರೂ ಒಂದು ಕೊಂಕು ಹುಡುಕಬಹುದಿತ್ತು. ಈಗ ಅವಳ ಮನಸ್ಸನ್ನು ಕಂಡು ಉರಿಯುತ್ತಿದ್ದೇನೆ. ಇದಕ್ಕೆ ಏನು ಹುಡುಕಲಿ?

ಇವರು ಬಂದು ಒಂದು ಪತ್ತಿರ್ ಮುರಿದು ನನ್ನ ಬಾಯಿಗೇ ಇಟ್ಟರು. "ಹೆಂಗೈತಿ?" ಎಂದರು.

"ಉಪ್ಪ ಬರೋಬ್ಬರಿ ಐತಿ" ಎಂದೆ.